ಕಡಲು ಬಿಸಿಯಾದರೆ ನಮ್ಮ ನಾಲೆಗೇನು?

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಪ್ರತಿ ಸಲ ನಾವು ಸೇರಿದಾಗ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ, ಪುಸ್ತಕ ಬರೆಯುವುದು ಇಂಥ ವಿಷಯಗಳನ್ನೇ ಮಾತಾಡುತ್ತೇವೆ. ಇವತ್ತು ಸಮುದ್ರದ ವಿಷಯ ಮಾತಾಡೋಣ ಅಂದಾಗ ಮಳವಳ್ಳಿ ಕಡೆಯ ಒಬ್ಬ ಅಕ್ಕ ನಗುತ್ತಾ ಕೇಳಿದರು: "ಅಲ್ಲ ಮೇಡಂ, ಸಮುದ್ರ ಎಲ್ಲೋ ಅದೆ, ನಮ್ ಗದ್ದೆ ಎಲ್ಲೋ ಅದೆ. ನಾವು ಸಮುದ್ರ ನೋಡಿರೋದೇ ಒಂದ್ಸಲ, ಟೂರ್‌ಗೆ ಹೋದಾಗ. ಅದಕ್ಕೂ ನಮ್ ಸಂಘದ ಸಾಲಕ್ಕೂ ಏನ್ ಸಂಬಂಧ?"

ಒಳ್ಳೆಯ ಪ್ರಶ್ನೆ. ಇಡೀ ಮಾತು ಈ ಪ್ರಶ್ನೆಗೆ ಉತ್ತರವೇ ಆಗಿದೆ. ಸಂಬಂಧ ಇದೆ ಎಂಬುದನ್ನು ನಾವು ಪುಸ್ತಕ ಓದಿ ಕಲಿತದ್ದಕ್ಕಿಂತ ಪೆಟ್ಟು ತಿಂದು ಕಲಿತದ್ದೇ ಹೆಚ್ಚು. ಆ ಪೆಟ್ಟಿನ ಕಥೆಯಿಂದಲೇ ಶುರು ಮಾಡೋಣ.

ನಾವು ಮಾಡಿದ ತಪ್ಪು

2023ರ ಮುಂಗಾರು ನಿಮಗೆ ನೆನಪಿದೆ. ಜೂನ್ ತಿಂಗಳಿಡೀ ಮಳೆ ಕಣ್ಣಾಮುಚ್ಚಾಲೆ ಆಡಿತು. ಜುಲೈ ಕೊನೆಯಲ್ಲಿ ಕೊಡಗಿನಲ್ಲಿ ಚೆನ್ನಾಗಿ ಹೊಡೆಯಿತು. ಕನ್ನಂಬಾಡಿ ಕಟ್ಟೆಗೆ ನೀರು ಏರುತ್ತಿದೆ ಎಂದು ಟಿ.ವಿ.ಯಲ್ಲಿ ಬಂತು. ಊರಲ್ಲೆಲ್ಲ ಸಂತೋಷ. ನಾಲೆಯ ಕೊನೆ ಭಾಗದ ಒಂದು ಊರಿನಲ್ಲಿ ನಮ್ಮದೊಂದು ಸಂಘ ಇದೆ, ಹದಿನಾಲ್ಕು ಜನ ಸದಸ್ಯರು. ಅವರು ಭತ್ತಕ್ಕೆ ಸಾಲ ಬೇಕೆಂದು ಕೇಳಿದರು. ನಾವೂ ಹಿಂದೆ ಮುಂದೆ ನೋಡಲಿಲ್ಲ. "ಮಳೆ ಶುರುವಾಯ್ತಲ್ಲ, ಒಟ್ಲು ಬಿಡಿ, ಸಾಲ ಮಾಡಿಸಿಕೊಡ್ತೀವಿ" ಎಂದು ಧೈರ್ಯ ಹೇಳಿದವರು ನಾವೇ.

ಆಮೇಲೆ ಆಗಸ್ಟ್ ಬಂತು. ಆಶ್ಲೇಷ ಹೋಯಿತು, ಮಘೆ ಹೋಯಿತು, ಮಳೆ ಇಲ್ಲ. ಆ ಆಗಸ್ಟ್‌ನಲ್ಲಿ ಇಡೀ ದೇಶದಲ್ಲಿ ವಾಡಿಕೆಗಿಂತ ಶೇಕಡ 36ರಷ್ಟು ಕಡಿಮೆ ಮಳೆಯಾಯಿತು. ಲೆಕ್ಕ ಇಡಲು ಶುರು ಮಾಡಿದ 1901ರಿಂದ ಇಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಕನ್ನಂಬಾಡಿ ಆ ವರ್ಷ ತುಂಬಲೇ ಇಲ್ಲ. ಕೊನೆ ಭಾಗದ ಗದ್ದೆಗೆ ನೀರು ಬರುವ ಹೊತ್ತಿಗೆ ಪೈರು ಕೆಂಪಾಗಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಮಂಡ್ಯದ ರಸ್ತೆಗಳಲ್ಲಿ ಕಾವೇರಿ ಹೋರಾಟ ನಡೆಯಿತು.

ಸಂಘದ ಸಾಲ ತೀರಿಸಲು ಒಬ್ಬ ಸದಸ್ಯೆ ಕರೆಯುವ ಹಸು ಮಾರಿದರು. ಇನ್ನೊಬ್ಬರು ಕಂತು ಕಟ್ಟಲು ಬೇರೆ ಕಡೆ ಸಾಲ ಮಾಡಿದರು. ಮತ್ತೊಬ್ಬ ತಾಯಿ ವಾರದ ಸಭೆಗೆ ಬರುವುದನ್ನೇ ಬಿಟ್ಟರು. ನಾವು ಮನೆಗೆ ಹೋದಾಗ, "ಮುಖ ತೋರ್ಸಕ್ಕಾಗ್ದೆ ಸುಮ್ನಾದೆ ಕಣವ್ವ" ಅಂದರು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು.

ಆಮೇಲೆ ನಾವು ಹಳೆಯ ಪತ್ರಿಕೆಗಳನ್ನು ತೆಗೆದು ನೋಡಿದೆವು. ಆ ವರ್ಷ ಏಪ್ರಿಲ್‌ನಲ್ಲೇ ಭಾರತೀಯ ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿತ್ತು. ಮಳೆ ಸಾಮಾನ್ಯ, ಶೇಕಡ 96ರಷ್ಟು ಎಂದು ಹೇಳಿತ್ತು. ಅದರ ಜೊತೆಗೇ ಮುಂಗಾರಿನ ಕಾಲದಲ್ಲಿ ಎಲ್ ನಿನೋ ಬರುವ ಸಾಧ್ಯತೆ ಇದೆ ಎಂದೂ ಹೇಳಿತ್ತು. ಜೂನ್ 8ರಂದು ಅಮೆರಿಕದ ಹವಾಮಾನ ಸಂಸ್ಥೆ ಎಲ್ ನಿನೋ ಬಂದೇಬಿಟ್ಟಿದೆ ಎಂದು ಪ್ರಕಟಿಸಿತ್ತು. ಅಂದರೆ ನಾವು ಸಾಲ ಕೊಡಿಸುವುದಕ್ಕಿಂತ ಮುಂಚೆಯೇ ಸಮುದ್ರ ನೋಟೀಸು ಕಳಿಸಿತ್ತು. ನಾವು ಮೊದಲ ಸಾಲು ಓದಿ ಪತ್ರಿಕೆ ಮಡಚಿಟ್ಟಿದ್ದೆವು. ಎರಡನೇ ಸಾಲು ಓದಿರಲಿಲ್ಲ. ಇವತ್ತಿನ ಮಾತು ಆ ಎರಡನೇ ಸಾಲಿನ ಬಗ್ಗೆ.

ನಮ್ಮ ನೀರು ಎಲ್ಲಿಂದ ಬರುತ್ತದೆ?

ಮೊದಲು ನಮ್ಮ ನಾಲೆಯನ್ನೇ ಹಿಡಿದು ಮೇಲಕ್ಕೆ ಹೋಗೋಣ. ಮಂಡ್ಯ, ಮದ್ದೂರು, ಮಳವಳ್ಳಿ ಭಾಗಕ್ಕೆ ಬರುವುದು ವಿಶ್ವೇಶ್ವರಯ್ಯ ನಾಲೆ. ಹಿರಿಯರು ಇದನ್ನು ಇರ್ವಿನ್ ನಾಲೆ ಅನ್ನುತ್ತಿದ್ದರು. ಅದು ಹೊರಡುವುದು ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್.ನಿಂದ. 1911ರಲ್ಲಿ ಕಟ್ಟಲು ಶುರು ಮಾಡಿ 1930ರ ದಶಕದ ಆರಂಭದಲ್ಲಿ ಮುಗಿಸಿದ ಕಟ್ಟೆ ಅದು. ತುಂಬಿದಾಗ ಮಟ್ಟ 124.80 ಅಡಿ, ಹಿಡಿಯುವ ನೀರು ಸುಮಾರು 49 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಅಂದರೆ ನೂರು ಕೋಟಿ ಘನ ಅಡಿ ನೀರು.

ಆ ಕಟ್ಟೆ ತುಂಬುವುದು ಮಂಡ್ಯದ ಮಳೆಯಿಂದ ಅಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಕಟ್ಟೆಗೆ ಬರುವುದು ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ನದಿಗಳ ನೀರು. ಇವುಗಳ ತವರು ಪಶ್ಚಿಮ ಘಟ್ಟ. ತಲಕಾವೇರಿ, ಭಾಗಮಂಡಲ, ಬ್ರಹ್ಮಗಿರಿ, ಪುಷ್ಪಗಿರಿ ಕಡೆ ಇರುವುದು ವರ್ಷವಿಡೀ ಹಸಿರಾಗಿರುವ ಮಳೆಕಾಡು. ಅಲ್ಲಿ ಮಳೆ ಸಾವಿರಾರು ಮಿಲಿಮೀಟರ್ ಲೆಕ್ಕದಲ್ಲಿ ಬೀಳುತ್ತದೆ.

ಯಾಕೆ ಅಲ್ಲಿ ಅಷ್ಟು, ಇಲ್ಲಿ ಇಷ್ಟು? ಜೂನ್‌ನಿಂದ ಅರಬ್ಬೀ ಸಮುದ್ರದ ಮೇಲಿಂದ ತೇವ ಹೊತ್ತ ಗಾಳಿ ಬೀಸುತ್ತದೆ. ಘಟ್ಟದ ಗೋಡೆ ಅಡ್ಡ ಬಂದಾಗ ಅದು ಮೇಲೆ ಹತ್ತಬೇಕು. ಮೇಲೆ ಹತ್ತಿದ ಹಾಗೆ ತಣ್ಣಗಾಗಿ, ತೇವವೆಲ್ಲ ಹನಿಯಾಗಿ ಸುರಿಯುತ್ತದೆ. ಘಟ್ಟ ದಾಟಿ ನಮ್ಮ ಕಡೆ ಇಳಿಯುವಾಗ ಗಾಳಿಯಲ್ಲಿ ಉಳಿದಿರುವುದು ಅಲ್ಪ ಸ್ವಲ್ಪ. ಅದಕ್ಕೇ ಜೂನ್, ಜುಲೈನಲ್ಲಿ ನಮಗೆ ಮೋಡ ಮತ್ತು ಗಾಳಿ ಜಾಸ್ತಿ, ಮಳೆ ಕಡಿಮೆ. ನಮ್ಮೂರಿನ ಸ್ವಂತ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ.

ಕಾಡಿನ ಕೆಲಸವನ್ನೂ ಇಲ್ಲಿ ನೆನೆಯಬೇಕು. ಘಟ್ಟದ ಕಾಡು ಬಿದ್ದ ಮಳೆಯನ್ನು ಬೇರಿನಲ್ಲಿ, ಎಲೆಗೊಬ್ಬರದಲ್ಲಿ ಹಿಡಿದಿಟ್ಟುಕೊಂಡು ನಿಧಾನವಾಗಿ ತೊರೆಗೆ ಬಿಡುತ್ತದೆ. ಎಲೆಗಳ ಮೂಲಕ ತೇವವನ್ನು ಮತ್ತೆ ಗಾಳಿಗೂ ಕೊಡುತ್ತದೆ. ಬಾಂಬೆ ಐ.ಐ.ಟಿ.ಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಘಟ್ಟದ ಕಾಡು ಹೀಗೆ ಬಿಡುವ ತೇವ ತಮಿಳುನಾಡಿನ ಮುಂಗಾರು ಮಳೆಗೂ ಸೇರುತ್ತದೆ. ಅದರಲ್ಲೂ ಮಳೆ ಕಡಿಮೆಯಾದ ವರ್ಷಗಳಲ್ಲಿ ಕಾಡಿನ ಪಾಲು ಇನ್ನೂ ಹೆಚ್ಚು. ಹಾಗಾಗಿ ಕೊಡಗಿನ ಮರ ಕಡಿದರೆ ನಷ್ಟ ಕೊಡಗಿಗೆ ಮಾತ್ರ ಅಲ್ಲ.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಯಿತು. ನಮ್ಮ ಊರಿನಲ್ಲಿ ನೀರಿನ ಲೆಕ್ಕ ಎರಡಿವೆ. ಒಂದು ನಾಲೆಯ ನೀರು, ಅದು ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದಲ್ಲಿ ಬೀಳುವ ಮಳೆ. ಇನ್ನೊಂದು ನಮ್ಮ ಹೊಲ, ಕೆರೆ, ಕಟ್ಟೆಗೆ ಬೀಳುವ ಮಳೆ, ಅದು ತಡವಾಗಿ ಬರುವುದು. ಈ ಎರಡನ್ನೂ ಕಲಸಬಾರದು. ಮುಂದೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಕಡಲಿನ ಎಸರು

ಈಗ ಸಮುದ್ರಕ್ಕೆ ಬರೋಣ. ಮುದ್ದೆ ಮಾಡಲು ಒಲೆಯ ಮೇಲೆ ಎಸರು ಇಡುತ್ತೀರಿ. ನೀರು ಕಾದಂತೆ ಹಬೆ ಏಳುತ್ತದೆ. ಎಲ್ಲಿ ಉರಿ ಜಾಸ್ತಿಯೋ ಅಲ್ಲಿ ಹಬೆ ಜಾಸ್ತಿ. ಸಮುದ್ರವೂ ಹಾಗೆಯೇ. ನೀರು ಎಲ್ಲಿ ಹೆಚ್ಚು ಬೆಚ್ಚಗಿದೆಯೋ ಅಲ್ಲಿ ಗಾಳಿ ತೇವ ತುಂಬಿಕೊಂಡು ಮೇಲೇಳುತ್ತದೆ, ಮೋಡ ಕಟ್ಟುತ್ತದೆ, ಮಳೆ ಸುರಿಯುತ್ತದೆ. ಆದರೆ ಮೇಲೆದ್ದ ಗಾಳಿ ಮೇಲೆಯೇ ಉಳಿಯುವುದಿಲ್ಲ, ಬೇರೆ ಎಲ್ಲಾದರೂ ಕೆಳಗೆ ಇಳಿಯಲೇಬೇಕು. ಅದು ಇಳಿಯುವ ಕಡೆ ಮೋಡ ಏಳಲು ಬಿಡುವುದಿಲ್ಲ. ಒಬ್ಬರ ಮನೆಯಲ್ಲಿ ಮದುವೆಯೂಟ, ಇನ್ನೊಬ್ಬರ ಮನೆಯಲ್ಲಿ ಉಪವಾಸ ಅನ್ನುವ ಹಾಗೆ.

ಪೆಸಿಫಿಕ್ ಎಂಬುದು ಭೂಮಿಯ ಮೇಲಿನ ಅತಿ ದೊಡ್ಡ ಸಾಗರ. ಅದರ ಒಂದು ದಡದಲ್ಲಿ ದಕ್ಷಿಣ ಅಮೆರಿಕದ ಪೆರು ದೇಶ, ಇನ್ನೊಂದು ದಡದಲ್ಲಿ ಇಂಡೋನೇಷ್ಯಾ. ಸಾಮಾನ್ಯ ವರ್ಷಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ ಬೆಚ್ಚಗಿನ ನೀರನ್ನೆಲ್ಲ ತಳ್ಳಿಕೊಂಡು ಇಂಡೋನೇಷ್ಯಾ ಕಡೆ ಗುಡ್ಡೆ ಹಾಕುತ್ತದೆ. ಹಬೆ ಏಳುವ ಒಲೆ ಆಗ ನಮ್ಮ ಕಡೆಗೆ ಹತ್ತಿರ. ಕೆಲವು ವರ್ಷ ಆ ಗಾಳಿ ಸೋಲುತ್ತದೆ. ಬೆಚ್ಚಗಿನ ನೀರು ವಾಪಸ್ಸು ಪೂರ್ವಕ್ಕೆ, ಸಾಗರದ ನಡುವಿಗೆ ಜಾರುತ್ತದೆ. ಒಲೆ ಅಲ್ಲಿಗೆ ಹೋಯಿತು ಅಂದರೆ ಹಬೆಯೂ ಅಲ್ಲಿ, ಮಳೆಯೂ ಅಲ್ಲಿ. ಇಂಡೋನೇಷ್ಯಾದಿಂದ ನಮ್ಮ ದೇಶದವರೆಗೆ ಗಾಳಿ ಇಳಿಯಲು ಶುರುವಾಗುತ್ತದೆ, ಮುಂಗಾರು ಸೊರಗುತ್ತದೆ. ಇದೇ ಎಲ್ ನಿನೋ. ಇದಕ್ಕೆ ಉಲ್ಟಾ, ಗಾಳಿ ಇನ್ನೂ ಜೋರಾಗಿ ಬೀಸಿ ಸಾಗರದ ನಡು ತಣ್ಣಗಾದರೆ ಅದು ಲಾ ನಿನಾ. ಆಗ ಸಾಮಾನ್ಯವಾಗಿ ನಮ್ಮ ಮುಂಗಾರು ಚೆನ್ನಾಗಿರುತ್ತದೆ.

ಈ ಹೆಸರು ಕೊಟ್ಟವರು ವಿಜ್ಞಾನಿಗಳಲ್ಲ, ಪೆರು ದೇಶದ ಬಡ ಮೀನುಗಾರರು. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಕಡಲು ಬೆಚ್ಚಗಾಗಿ ಮೀನು ಸಿಗುತ್ತಿರಲಿಲ್ಲ. ಬಾಲಯೇಸುವಿನ ಹಬ್ಬದ ಸಮಯಕ್ಕೆ ಬರುವುದರಿಂದ ಅದನ್ನು ಎಲ್ ನಿನೋ, ಅಂದರೆ "ಆ ಪುಟ್ಟ ಮಗು" ಎಂದು ಕರೆದರು. ನಮ್ಮ ಅಜ್ಜಿಯರು ಭರಣಿ, ರೋಹಿಣಿ ಎಂದು ಮಳೆಗೆ ಹೆಸರಿಟ್ಟು ಗಮನಿಸಿದ ಹಾಗೆ ಅವರು ಕಡಲನ್ನು ಗಮನಿಸಿದ್ದರು.

ಎಷ್ಟು ಬಿಸಿಯಾದರೆ ಎಲ್ ನಿನೋ? ಸಾಗರದ ನಡುಭಾಗದ ಮೇಲ್ಮೈ ನೀರು ವಾಡಿಕೆಗಿಂತ ಬರೀ ಅರ್ಧ ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ಕೆಲವು ತಿಂಗಳು ಹಾಗೇ ಉಳಿದರೆ ಸಾಕು. 1997 ಮತ್ತು 2015ರಲ್ಲಿ ಅದು 2 ಡಿಗ್ರಿ ದಾಟಿತ್ತು. ಕೈ ಅದ್ದಿದರೆ ನಮಗೆ ಗೊತ್ತೇ ಆಗದ ಅರ್ಧ ಡಿಗ್ರಿ! ಆದರೆ ಸಾವಿರಾರು ಮೈಲಿ ಅಗಲದ ನೀರು ಅಷ್ಟು ಕಾದರೆ ಗಾಳಿಯ ದಾರಿಯೇ ಬದಲಾಗುತ್ತದೆ.

ಹಿಂದಿನವರು ಕಂಡ ಬರ

ಇದು ಹೊಸದಾಗಿ ಬಂದ ಕಾಯಿಲೆ ಅಲ್ಲ. 1876ರಿಂದ 1878ರವರೆಗಿನ ಧಾತು ಈಶ್ವರ ಬರದ ಮಾತನ್ನು ನಿಮ್ಮ ಊರಿನ ಹಿರಿಯರಿಂದ ಕೇಳಿರಬಹುದು. ಆಗಿನ ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಹಸಿವಿನಿಂದ, ಕಾಯಿಲೆಯಿಂದ ತೀರಿಹೋದರು. ಆ ಸಮಯದಲ್ಲಿ ಪೆಸಿಫಿಕ್ ಸಾಗರದಲ್ಲಿ ಬಹಳ ಬಲವಾದ ಎಲ್ ನಿನೋ ಇತ್ತು ಎಂದು ವಿಜ್ಞಾನಿಗಳು ಆಮೇಲೆ ಗುರುತಿಸಿದರು. ಆಗ ಇದು ಯಾರಿಗೂ ಗೊತ್ತಿರಲಿಲ್ಲ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ನಮ್ಮ ದೇಶದ ಬರಕ್ಕೆ ಕಾರಣ ಹುಡುಕುತ್ತಾ ಪ್ರಪಂಚದ ಲೆಕ್ಕವನ್ನೆಲ್ಲ ತರಿಸಿ ನೋಡಿದರು. ಪೆಸಿಫಿಕ್‌ನ ಒಂದು ಕಡೆ ಗಾಳಿಯ ಒತ್ತಡ ಏರಿದರೆ ಇನ್ನೊಂದು ಕಡೆ ಇಳಿಯುತ್ತದೆ, ತಕ್ಕಡಿಯ ತಟ್ಟೆಯ ಹಾಗೆ, ಎಂದು ಕಂಡುಕೊಂಡರು. ಅದಕ್ಕೂ ನಮ್ಮ ಮುಂಗಾರಿಗೂ ನಂಟಿದೆ ಎಂದು ತೋರಿಸಿದರು. ಇವತ್ತು ಇಡೀ ಜಗತ್ತು ಉಪಯೋಗಿಸುವ ಈ ಜ್ಞಾನ ನಮ್ಮ ಬರಗಾಲದ ಕಣ್ಣೀರಿನಿಂದಲೇ ಶುರುವಾದದ್ದು.

ನಾವೇ ಕಂಡ ವರ್ಷಗಳನ್ನು ನೋಡಿ. 2002ರಲ್ಲಿ ಎಲ್ ನಿನೋ ಇತ್ತು, ದೇಶದ ಮುಂಗಾರು ಶೇಕಡ 19ರಷ್ಟು ಕಡಿಮೆ. 2009ರಲ್ಲಿ ಶೇಕಡ 22 ಕಡಿಮೆ. 2015ರಲ್ಲಿ ಶೇಕಡ 14 ಕಡಿಮೆ. ಆ 2015ರಲ್ಲಿ ಕಬ್ಬಿಗೆ ಬೆಲೆಯಿಲ್ಲ, ಬಾಕಿ ಹಣ ಕೈಗೆ ಬಂದಿಲ್ಲ, ಮೇಲೆ ಮಳೆಯೂ ಇಲ್ಲ. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ರೈತರು ಜೀವ ಕಳೆದುಕೊಂಡ ವರ್ಷ ಅದು. ಮಂಡ್ಯ ಜಿಲ್ಲೆಯ ಎಷ್ಟೋ ಮನೆಗಳ ದೀಪ ಆರಿತು. ಸಮುದ್ರವೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಸಾಲ, ಬೆಲೆ, ಒಬ್ಬಂಟಿತನ ಎಲ್ಲ ಸೇರಿಯೇ ಕೊಲ್ಲುತ್ತದೆ. ಆದರೆ ಸಾಲದ ಹೊರೆ ಹೊತ್ತವರ ಮೇಲೆ ಮಳೆ ಕೈಕೊಟ್ಟದ್ದು ಕೊನೆಯ ಕಲ್ಲಾಯಿತು.

2023ರಲ್ಲಿ ನಾವು ಒಬ್ಬರೇ ಇರಲಿಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರಪಂಚದ ಅತಿ ದೊಡ್ಡ ಮಳೆಕಾಡು. ನಾವು ಕನ್ನಂಬಾಡಿಯ ಮಟ್ಟ ನೋಡಿ ಕೊರಗುತ್ತಿದ್ದ ಅದೇ ಅಕ್ಟೋಬರ್‌ನಲ್ಲಿ ಅಲ್ಲಿನ ಮನೌಸ್ ಪಟ್ಟಣದ ಬಳಿ ರಿಯೊ ನೆಗ್ರೊ ನದಿ 1902ರಿಂದ ಇಟ್ಟ ಲೆಕ್ಕದಲ್ಲಿ ಅದುವರೆಗಿನ ಅತಿ ಕೆಳಗಿನ ಮಟ್ಟಕ್ಕೆ ಇಳಿದಿತ್ತು. ದೋಣಿ ಹೋಗದೆ ನದಿ ದಡದ ಊರುಗಳಿಗೆ ಅಕ್ಕಿ, ಔಷಧಿ, ಕುಡಿಯುವ ನೀರು ತಲುಪುವುದೇ ಕಷ್ಟವಾಯಿತು. ಅಲ್ಲಿಯೂ ಪೆಸಿಫಿಕ್‌ನ ಎಲ್ ನಿನೋ, ಜೊತೆಗೆ ಬಿಸಿಯೇರಿದ ಅಟ್ಲಾಂಟಿಕ್ ಸಾಗರ, ಎರಡೂ ಸೇರಿ ಮಳೆ ಕಿತ್ತುಕೊಂಡವು. ಒಂದೇ ಕಡಲಿನ ಬಿಸಿ ಇಲ್ಲಿ ನಿಮ್ಮ ಬಿಂದಿಗೆಯನ್ನೂ ಅಲ್ಲಿ ಒಬ್ಬ ತಾಯಿಯ ಬಿಂದಿಗೆಯನ್ನೂ ಬರಿದು ಮಾಡಿತು.

ಹಿಂದೂ ಮಹಾಸಾಗರದ ಮಾತು

ಹಾಗಾದರೆ ಎಲ್ ನಿನೋ ಬಂತು ಅಂದರೆ ಬರವೇ? ಇಲ್ಲ. 1997ರಲ್ಲಿ ದೈತ್ಯ ಎಲ್ ನಿನೋ ಇತ್ತು, ಆದರೂ ನಮ್ಮ ದೇಶದಲ್ಲಿ ಮಳೆ ವಾಡಿಕೆಯಷ್ಟೇ ಆಯಿತು. ಯಾಕೆ ಎಂದರೆ ನಮ್ಮ ಪಕ್ಕದಲ್ಲೇ ಇರುವ ಹಿಂದೂ ಮಹಾಸಾಗರ ಕೈ ಹಿಡಿಯಿತು.

ಹಿಂದೂ ಮಹಾಸಾಗರಕ್ಕೂ ಎರಡು ಬದಿ. ಪಶ್ಚಿಮದ ಬದಿ ಆಫ್ರಿಕಾ ಮತ್ತು ಅರಬ್ಬೀ ಸಮುದ್ರದ ಕಡೆ, ಪೂರ್ವದ ಬದಿ ಇಂಡೋನೇಷ್ಯಾದ ಸುಮಾತ್ರಾ ಕಡೆ. ಕೆಲವು ವರ್ಷ ಪಶ್ಚಿಮದ ಬದಿ ಬಿಸಿಯಾಗಿ ಪೂರ್ವದ ಬದಿ ತಣ್ಣಗಾಗುತ್ತದೆ. ಆಗ ನಮ್ಮ ಕಡೆ ಬರುವ ಗಾಳಿಗೆ ತೇವ ಹೆಚ್ಚು ಸಿಗುತ್ತದೆ, ಒಳ್ಳೆಯದು. ಇದಕ್ಕೆ ಉಲ್ಟಾ ಆದರೆ ಕಷ್ಟ. ವಿಜ್ಞಾನಿಗಳು 1999ರಲ್ಲಿ ಇದನ್ನು ಗುರುತಿಸಿ ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಹೆಸರಿಟ್ಟರು. ನಾವು ಸುಲಭವಾಗಿ "ಎರಡು ಬದಿಯ ತಕ್ಕಡಿ" ಅನ್ನೋಣ.

2016 ನೆನಪಿದೆಯಾ? ಆ ವರ್ಷ ಎಲ್ ನಿನೋ ಮುಗಿದಿತ್ತು, ಒಳ್ಳೆ ಮಳೆ ಎಂದು ಎಲ್ಲರೂ ಕಾದಿದ್ದೆವು. ಆದರೆ ಈ ತಕ್ಕಡಿ ನಮಗೆ ವಿರುದ್ಧವಾಗಿ ಬಲವಾಗಿ ವಾಲಿತ್ತು. ಕೊಡಗಿನಲ್ಲಿ ಮಳೆ ಕಡಿಮೆಯಾಯಿತು, ಕನ್ನಂಬಾಡಿ ತುಂಬಲಿಲ್ಲ, ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಾಯಿತು, ಹಿಂಗಾರೂ ಸೋತಿತು. 2019ರಲ್ಲಿ ತಕ್ಕಡಿ ನಮ್ಮ ಕಡೆ ವಾಲಿತು. ಜೂನ್ ಒಣಗಿದ್ದರೂ ಆಗಸ್ಟ್‌ನಲ್ಲಿ ಕಟ್ಟೆ ತುಂಬಿತು. 2023ರಲ್ಲೂ ತಕ್ಕಡಿ ನಮ್ಮ ಕಡೆಗೇ ವಾಲಿ ದೇಶದಲ್ಲಿ ಸೆಪ್ಟೆಂಬರ್ ಮಳೆ ಸುಧಾರಿಸಿತು. ಆದರೆ ಒಣಗಿದ ಆಗಸ್ಟ್‌ನ ನಷ್ಟ ನಮ್ಮ ಕಟ್ಟೆಗೆ ತುಂಬಿ ಬರಲಿಲ್ಲ.

ಹಿಂಗಾರಿನ ಲೆಕ್ಕವೇ ಬೇರೆ ಎಂಬುದನ್ನೂ ತಿಳಿದಿರಿ. ಮುಂಗಾರನ್ನು ಸೊರಗಿಸುವ ಎಲ್ ನಿನೋ ಅಕ್ಟೋಬರ್ ನಂತರ ದಕ್ಷಿಣದ ಕಡೆ ಮಳೆಯನ್ನು ಹೆಚ್ಚಿಸುವುದೇ ವಾಡಿಕೆ. 2015ರ ಕೊನೆಯಲ್ಲಿ ಚೆನ್ನೈ ಮುಳುಗಿದ್ದು ಎಲ್ ನಿನೋ ವರ್ಷದಲ್ಲೇ. ಹಾಗಾಗಿ ನಾಲೆಗೆ ನೀರಿಲ್ಲದ ವರ್ಷದಲ್ಲೂ ಹೊಲಕ್ಕೆ ತಡವಾದ ಮಳೆ ಬರಬಹುದು. ಮೊದಲು ಎರಡು ಲೆಕ್ಕ ಎಂದು ಹೇಳಿದ್ದು ಇದಕ್ಕೇ. ಮಳವಳ್ಳಿಯ ಬಯಲು ಭಾಗದ ಅಕ್ಕಂದಿರಿಗೆ ಇದು ಬೇಕಾದ ಮಾತು.

ಜಾಸ್ತಿ ಮಳೆಯೂ ಸುಖವಲ್ಲ. 2018ರ ಆಗಸ್ಟ್‌ನಲ್ಲಿ ಕಟ್ಟೆ ತುಂಬಿ ನಾವು ಸಂತೋಷಪಡುತ್ತಿದ್ದಾಗ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ, ತೋಟ, ಜೀವ ಹೋದವು. ಕಡಲು ವರ್ಷದಿಂದ ವರ್ಷಕ್ಕೆ ಬಿಸಿಯೇರುತ್ತಿದೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ನೂರು ವರ್ಷದಲ್ಲಿ ಬೇಸಿಗೆ ಕಾಲದಲ್ಲಿ ಸುಮಾರು 1.2 ಡಿಗ್ರಿ ಬಿಸಿಯಾಗಿದೆ ಎಂದು ಅಧ್ಯಯನ ಹೇಳಿದೆ. ಬೀಳದಿದ್ದರೆ ಬೀಳುವುದೇ ಇಲ್ಲ, ಬಿದ್ದರೆ ಒಂದೇ ಸಲ ಎಂಬಂಥ ಮಳೆ ಇದರ ಗುರುತು. 2023ರಲ್ಲಿ ತುಂಬದ ಕಟ್ಟೆ 2024ರ ಜುಲೈನಲ್ಲಿ ತುಂಬಿತು, 2025ರಲ್ಲಂತೂ ಜೂನ್‌ನಲ್ಲೇ ತುಂಬಿತು. ಈ ಏರಿಳಿತದ ನಡುವೆ "ಹೋದ ವರ್ಷ ಹೀಗಿತ್ತು, ಈ ವರ್ಷವೂ ಹೀಗೇ" ಎಂದು ಸಾಲ ಮಾಡುವುದು ಅಪಾಯ.

ಹಾಗಾದರೆ ಸಂಘ ಏನು ಮಾಡಬೇಕು?

ಸಮುದ್ರವನ್ನು ತಣ್ಣಗೆ ಮಾಡಲು ನಮ್ಮಿಂದ ಆಗುವುದಿಲ್ಲ. ಆದರೆ ಅದು ತಿಂಗಳುಗಟ್ಟಲೆ ಮುಂಚೆ ಕಳಿಸುವ ನೋಟೀಸನ್ನು ಓದಿ ಸಾಲದ ತೀರ್ಮಾನ ಮಾಡಲು ಆಗುತ್ತದೆ. ನಾವು ಸಂಘಗಳ ಜೊತೆ ಕೂತು ಮಾಡಿಕೊಂಡ ಕ್ರಮ ಹೀಗಿದೆ:

1. ಮೇ ಕೊನೆಯ ವಾರದ ಸಭೆಯಲ್ಲಿ ಅರ್ಧ ಗಂಟೆ ಮಳೆಗೆ ಮೀಸಲಿಡಿ. ಹವಾಮಾನ ಇಲಾಖೆ ಏಪ್ರಿಲ್ ಮಧ್ಯದಲ್ಲಿ ಮೊದಲ ಮುನ್ಸೂಚನೆ, ಮೇ ಕೊನೆಯಲ್ಲಿ ಎರಡನೆಯದು ಕೊಡುತ್ತದೆ. ಎಲ್ ನಿನೋ ವಿಷಯದಲ್ಲಿ ಬೇಸಿಗೆಗೆ ಮುಂಚಿನ ಅಂದಾಜು ತಪ್ಪುವುದು ಹೆಚ್ಚು, ಆದ್ದರಿಂದ ಮೇ ಕೊನೆಯದನ್ನು ಹೆಚ್ಚು ನಂಬಿ. ಓದುವ ಮಕ್ಕಳಿಂದ ಪತ್ರಿಕೆ ಓದಿಸಿ. ಮೂರು ಪ್ರಶ್ನೆ ಕೇಳಿ: ಪೆಸಿಫಿಕ್ ಹೇಗಿದೆ? ಹಿಂದೂ ಮಹಾಸಾಗರದ ತಕ್ಕಡಿ ಯಾವ ಕಡೆ ವಾಲಿದೆ? ಕನ್ನಂಬಾಡಿಯಲ್ಲಿ ಎಷ್ಟು ಅಡಿ ಇದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

2. ಬೆಳೆ ಸಾಲವನ್ನು ಎರಡು ಕಂತಾಗಿ ಕೊಡಿ. ಉಳುಮೆ, ಬೀಜಕ್ಕೆ ಒಂದು ಕಂತು. ನಾಲೆಗೆ ನೀರು ಬಿಡುವ ತೀರ್ಮಾನ ನೀರಾವರಿ ಸಲಹಾ ಸಮಿತಿಯಿಂದ ಬಂದ ಮೇಲೆ ಎರಡನೇ ಕಂತು. ಒಂದು ವಾರದ ಮಳೆ ನೋಡಿ ಪೂರ್ತಿ ಸಾಲ ಕೊಡಬೇಡಿ. ಆ ತಪ್ಪು ನಾವು ಮಾಡಿ ನೋಡಿದ್ದೇವೆ.

3. ಕಟ್ಟೆಯ ನೀರೆಲ್ಲ ನಮ್ಮದಲ್ಲ ಎಂಬುದು ನೆನಪಿರಲಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿಗೆ 177.25 ಟಿ.ಎಂ.ಸಿ. ಹರಿಯಬೇಕು. ಕಷ್ಟದ ವರ್ಷದಲ್ಲಿ ಇಬ್ಬರೂ ಕಷ್ಟ ಹಂಚಿಕೊಳ್ಳಬೇಕು. ಅಲ್ಲಿಯ ಗದ್ದೆಯಲ್ಲೂ ನಿಮ್ಮಂಥ ಹೆಣ್ಣುಮಕ್ಕಳೇ ನಾಟಿ ಹಾಕುವುದು. ಹಾಗಾಗಿ ಕೊನೆ ಭಾಗದವರು ಲೆಕ್ಕ ಹಾಕುವಾಗ ಕೈ ಬಿಗಿ ಹಿಡಿದೇ ಲೆಕ್ಕ ಹಾಕಬೇಕು.

4. ಎಲ್ ನಿನೋ ಸುದ್ದಿ ಇರುವ ವರ್ಷ ಇರುವ ಜಮೀನಿಗೆಲ್ಲ ಭತ್ತ, ಕಬ್ಬು ಹಾಕಬೇಡಿ. ಸ್ವಲ್ಪ ಭಾಗಕ್ಕೆ ರಾಗಿ, ಅಲಸಂದೆ, ಅವರೆ, ತಡವಾದರೆ ಹುರುಳಿ. ಹೆಸರುವಾಸಿಯಾದ ಇಂಡಾಫ್ ರಾಗಿ ತಳಿಗಳು ಹುಟ್ಟಿದ್ದೇ ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ. ಯಾವ ತಳಿ ಈಗ ಒಳ್ಳೆಯದು ಎಂದು ಅಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮೊದಲು ಹೇಳಿದ ಆ ಸಂಘದಲ್ಲಿ ಒಬ್ಬರು ಮೇಲುಹೊಲಕ್ಕೆ ರಾಗಿ, ಹುರುಳಿ ಹಾಕಿದ್ದರು. ಮನೆಗೆ ಮುದ್ದೆ, ಹಸುವಿಗೆ ಹುಲ್ಲು ಎರಡೂ ಸಿಕ್ಕಿತು. ಕಂತು ತಪ್ಪಿಸದೆ ಕಟ್ಟಿದವರು ಅವರೊಬ್ಬರೇ.

5. ಹಸುವಿನ ಮೇವು ಮೊದಲೇ ಕೂಡಿಡಿ. ಬರದಲ್ಲಿ ಹುಲ್ಲಿನ ಬೆಲೆ ಏರುತ್ತದೆ, ಹಸುವಿನ ಬೆಲೆ ಇಳಿಯುತ್ತದೆ. ಡೈರಿ ದುಡ್ಡು ನಿಂತರೆ ವಾರದ ಉಳಿತಾಯವೂ ನಿಲ್ಲುತ್ತದೆ.

6. ಬೆಳೆ ವಿಮೆಯ ಕೊನೆ ದಿನಾಂಕವನ್ನು ಜೂನ್‌ನಲ್ಲೇ ವಿಚಾರಿಸಿ. ಮಳೆ ಹೋದ ಮೇಲೆ ವಿಮೆ ಮಾಡಿಸಲು ಬರುವುದಿಲ್ಲ.

7. ಸಂಘದಲ್ಲಿ ಒಂದು ಬರ ನಿಧಿ ಇಡಿ. ಕಟ್ಟೆ ತುಂಬಿದ ವರ್ಷ ವಾರಕ್ಕೆ ಐದೋ ಹತ್ತೋ ರೂಪಾಯಿ ಹೆಚ್ಚು ಹಾಕಿ. ಕಂತು ಕಟ್ಟಲಾಗದವರು ಇನ್ನೊಂದು ಕಡೆ ಹೆಚ್ಚಿನ ಬಡ್ಡಿಗೆ ಕೈ ಚಾಚದಂತೆ ಈ ನಿಧಿ ಕಾಯುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಜನರನ್ನು ಹಿಂಡಿತು ಎಂದರೆ 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಒಂದು ಎಚ್ಚರಿಕೆ. ಮುನ್ಸೂಚನೆ ಎಂದರೆ ಭವಿಷ್ಯವಾಣಿಯಲ್ಲ. ಅದು ಹೇಳುವುದು ಸಾಧ್ಯತೆ ಮಾತ್ರ. ದೇಶಕ್ಕೆ ಹೇಳಿದ್ದು ನಮ್ಮ ಹೋಬಳಿಗೆ ಹಾಗೇ ಆಗಬೇಕೆಂದಿಲ್ಲ. ಎಲ್ ನಿನೋ ಸುದ್ದಿ ಕೇಳಿ ಜಮೀನು ಪಾಳು ಬಿಡಬೇಡಿ, ಲಾ ನಿನಾ ಸುದ್ದಿ ಕೇಳಿ ಮೈಮರೆಯಬೇಡಿ. ಪಕ್ಕದ ಮನೆಯವರು "ಮೋಡ ಆಗದೆ ಕಣವ್ವ, ಬಟ್ಟೆ ಎತ್ತು" ಎಂದರೆ ನಾವು ಎತ್ತುತ್ತೇವೆ. ಮಳೆ ಬರದಿದ್ದರೆ ನಷ್ಟವೇನಿಲ್ಲ. ಮುನ್ಸೂಚನೆಯನ್ನೂ ಹಾಗೆಯೇ ತೆಗೆದುಕೊಳ್ಳಿ.

ಸಭೆ ಬಿಟ್ಟಿದ್ದ ಆ ತಾಯಿಯ ಮಾತು ಹೇಳಿ ಮುಗಿಸುತ್ತೇವೆ. ಸಂಘದವರೇ ನಾಲ್ಕು ಸಲ ಅವರ ಮನೆಗೆ ಹೋಗಿ, ಕಂತನ್ನು ಸಣ್ಣದು ಮಾಡಿ, ಅವಧಿ ಹೆಚ್ಚಿಸಿ, ಕರೆದುಕೊಂಡು ಬಂದರು. ಸಾಲ ತೀರಲು ಎರಡು ವರ್ಷ ಹಿಡಿಯಿತು. ಈಗ ಮೇ ತಿಂಗಳು ಬಂದರೆ ಸಭೆಯಲ್ಲಿ ಮೊದಲು ಬಾಯಿ ತೆಗೆಯುವವರು ಅವರೇ: "ಏನವ್ವಾ, ಸಮುದ್ರ ಏನಂತದೆ ಈ ಸಲ? ಪೂರ್ತಿ ಓದಿ, ಅರ್ಧಕ್ಕೆ ಬಿಡ್ಬೇಡಿ."

ಆ ಮಾತನ್ನೇ ನಿಮ್ಮ ಊರಿಗೂ ತೆಗೆದುಕೊಂಡು ಹೋಗಿ. ಬರುವ ವಾರದ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಚರ್ಚಿಸಿ:

ನಮ್ಮ ಸಂಘದ ಎಷ್ಟು ಸದಸ್ಯರ ಬದುಕು ನಾಲೆಯ ನೀರಿನ ಮೇಲಿದೆ, ಎಷ್ಟು ಜನರದು ಮಳೆಯ ಮೇಲಿದೆ?

2023ರಲ್ಲಿ ನಮ್ಮಲ್ಲಿ ಯಾರು ಕಂತು ಕಟ್ಟಲು ಕಷ್ಟಪಟ್ಟರು, ನಾವು ಅವರ ಜೊತೆ ನಿಂತೆವಾ?

ಬರ ನಿಧಿಯನ್ನು ಎಂದಿನಿಂದ ಶುರು ಮಾಡೋಣ?